0.3 ಮಿಲಿಮೀಟರ್ ಬಿಟ್ ಮುರಿಯುವುದು ನಿಂತದ್ದು ಹೀಗೆ

1:72 ಅಳತೆಯ ವಿಮಾನದ ಮಾದರಿಗೆ ಆಂಟೆನಾ ತಂತಿ ಕಟ್ಟಲು ಬಾಲದ ತುದಿಯಲ್ಲಿ 0.3 ಮಿಲಿಮೀಟರ್ ತೂತು ಬೇಕಿತ್ತು. ಒಂದೇ ಸಂಜೆ ತೂತು ಕೊರೆಯುವ ಮೂರು ಬಿಟ್ ಮುರಿದವು. ಕೊನೆಯದರ ತುಂಡು ಪ್ಲಾಸ್ಟಿಕ್‌ನೊಳಗೇ ಉಳಿಯಿತು. ಬಿಟ್‌ಗಳೇ ಕಳಪೆ ಎಂದುಕೊಂಡಿದ್ದೆ. ದೋಷ ಇದ್ದದ್ದು ಬಿಟ್ ಸಿಕ್ಕಿಸಿ ಬೆರಳಿನಿಂದ ತಿರುಗಿಸುವ ಪುಟ್ಟ ಕೈ ಡ್ರಿಲ್‌ನಲ್ಲಿ.

ದೀಪದ ಬೆಳಕಿಗೆ ಹಿಡಿದು ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿದಾಗ ಬಿಟ್‌ನ ತುದಿ ಒಂದೆಡೆ ನಿಲ್ಲದೆ ಪುಟ್ಟ ವೃತ್ತ ಬರೆಯುತ್ತಿತ್ತು. ಬಿಟ್ಟನ್ನು ಕಚ್ಚಿಹಿಡಿಯುವ ಕಾಲೆಟ್‌ನ ಸೀಳುಗಳು ಸಮವಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಕೂದಲಿನಷ್ಟು ಸಪೂರವಾದ ಬಿಟ್‌ಗೆ ಅಷ್ಟು ವಾಲಿದರೂ ಸಾಕು, ಪಟ್ಟನೆ ಮುರಿಯುತ್ತದೆ.

ಹಾಗಾಗಿ ಹೊಸ ಕೈ ಡ್ರಿಲ್ ಆರಿಸುವಾಗ ಹೊಳಪು, ತೂಕ ಯಾವುದನ್ನೂ ನೋಡಲಿಲ್ಲ. ಅತಿ ಸಣ್ಣ ಕಾಲೆಟ್ ಸಂದಿಲ್ಲದೆ ಮುಚ್ಚುತ್ತದೆಯೇ, ಬಿಟ್ ನೆಟ್ಟಗೆ ತಿರುಗುತ್ತದೆಯೇ ಎಂದಷ್ಟೇ ಪರೀಕ್ಷಿಸಿದೆ. ಹಿಂಬದಿಯ ತಲೆ ಬಿಡಿಯಾಗಿ ತಿರುಗುವುದೂ ನನಗೆ ಮುಖ್ಯ: ಅದನ್ನು ಅಂಗೈಗೆ ಆನಿಸಿ ಬೆರಳುಗಳಿಂದ ಹಿಡಿಕೆ ತಿರುಗಿಸಿದರೆ ಒತ್ತಡ ನೇರವಾಗಿ ಇಳಿಯುತ್ತದೆ.

ಕಾರ್ಬೈಡ್ ಬಿಟ್ ಬಹಳ ಹರಿತ, ಆದರೆ ಪಕ್ಕಕ್ಕೆ ವಾಲಿದರೆ ತಾಳದು. ಕೈಕೆಲಸಕ್ಕೆ ತುಸು ಬಾಗುವ ಹೈಸ್ಪೀಡ್ ಸ್ಟೀಲ್ ಬಿಟ್ಟನ್ನೇ ಇಟ್ಟುಕೊಂಡೆ. ಕಾಲೆಟ್‌ನಿಂದ ಐದಾರು ಮಿಲಿಮೀಟರ್ ಮಾತ್ರ ಹೊರಗೆ ಬಿಟ್ಟೆ.

ಮೊದಲು ಸೂಜಿಯ ಮೊನೆಯಿಂದ ಚಿಕ್ಕ ಕುಳಿ ಮಾಡಿ ಬಿಟ್ ಇಟ್ಟೆ. ಎರಡು ಸುತ್ತಿಗೊಮ್ಮೆ ಹಿಂದಕ್ಕೆ ತೆಗೆದಾಗ ಬಿಳಿಯ ಎಳೆಯೊಂದು ಸುರುಳಿಯಾಗಿ ಎದ್ದು ಬಂತು. ಅದೇ ಬಿಟ್‌ನಿಂದ ಈಗಾಗಲೇ ಹನ್ನೊಂದು ತೂತು ಕೊರೆದಿದ್ದೇನೆ.