ಇಳಕಲ್ ಸೀರೆ, ಜೀನ್ಸ್ ಚಿಂದಿ ಮತ್ತು ನನ್ನ ಅಂಗಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜೀನ್ಸ್ ಹೊಲಿದೆ. ಒಂದು ದಿನವೂ ಜೀನ್ಸ್ ತೊಡಲಿಲ್ಲ. ಬಿಳಿ ಅಂಗಿ, ಬೂದು ಬಣ್ಣದ ಟೆರಿಕಾಟ್ ಪ್ಯಾಂಟು, ಅಲ್ಲಿಗೆ ಮುಗಿಯಿತು. ಅಂಗಿಯ ಬಟ್ಟೆ ಆರಿಸುವುದು ಹೆಂಡತಿಯ ಕೆಲಸ, ಹೊಲಿದುಕೊಳ್ಳುವುದು ನನ್ನದು. ಮದುವೆಗೆ ಹೊರಟರೆ ಯಾವುದನ್ನು ಹಾಕಿಕೊಳ್ಳಬೇಕೆಂದು ಅವಳೇ ತೆಗೆದಿಟ್ಟಿರುತ್ತಿದ್ದಳು. ಅವಳು ತೀರಿಕೊಂಡ ಕೆಲವು ತಿಂಗಳ ಮೇಲೆ ನೆಂಟರ ಗೃಹಪ್ರವೇಶಕ್ಕೆ ಹೊರಡಬೇಕಾಯಿತು. ಬೀರುವಿನ ಮುಂದೆ ನಿಂತವನಿಗೆ ತನಗೆ ಯಾವ ಅಂಗಿ ಇಷ್ಟವೆಂಬುದೇ ತಿಳಿಯಲಿಲ್ಲ. ತಲೆ ನರೆತ ದರ್ಜಿಗೆ ಇದು ನಗೆಪಾಟಲಿನ ಸಂಗತಿ. ಗೃಹಪ್ರವೇಶಕ್ಕೆ ಹೋಗಲೇ ಇಲ್ಲ.

ನಮ್ಮ ಕಸುಬೂ ಹಾಗೆಯೇ ಇತ್ತೆನ್ನಿ. ಬಳ್ಳಾರಿ ಜೀನ್ಸ್ ಎಂದರೆ ಓಣಿ ಓಣಿಯ ಮನೆಗಳಲ್ಲಿ, ಸಣ್ಣ ಸಣ್ಣ ಘಟಕಗಳಲ್ಲಿ ಹಂಚಿಹೋದ ಕೆಲಸ. ಬಟ್ಟೆ ಕತ್ತರಿಸುವವನು ಒಬ್ಬ, ಜಿಪ್ ಕೂರಿಸುವವನು ಇನ್ನೊಬ್ಬ, ಸೊಂಟಪಟ್ಟಿಗೆ ಮತ್ತೊಬ್ಬ. ಗುಂಡಿ ಹಚ್ಚುವುದು, ಹೆಚ್ಚಾದ ದಾರ ಕತ್ತರಿಸುವುದು ಮನೆಯಲ್ಲಿ ಕುಳಿತ ಹೆಂಗಸರ ಪಾಲಿಗೆ. ಕೂಲಿ ಪೀಸಿನ ಲೆಕ್ಕದಲ್ಲಿ. ನನ್ನ ಪಾಲಿಗೆ ಬಂದದ್ದು ಹಿಂಜೇಬು. ಕಣ್ಣು ಮುಚ್ಚಿಕೊಂಡೂ ಅದನ್ನು ಕೂರಿಸಬಲ್ಲೆ. ಆದರೆ ಆ ಪ್ಯಾಂಟಿಗೆ ಯಾರ ಲೇಬಲ್ ಬೀಳುತ್ತದೆ, ಯಾವ ಊರಿನ ಯಾರು ತೊಡುತ್ತಾರೆ ಎಂಬುದು ನನಗೆ ಸಂಬಂಧಿಸಿದ ವಿಷಯವಾಗಿರಲಿಲ್ಲ.

ಹೆಂಡತಿ ಹೋದ ಮೇಲೆ ನಿದ್ದೆ ಹೋಯಿತು. ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನವರೆಗೆ ಫ್ಯಾನ್ ನೋಡುತ್ತ ಮಲಗಿರುವುದು. ಮಗಳ ಒತ್ತಾಯಕ್ಕೆ ಮನೋವೈದ್ಯರ ಹತ್ತಿರ ಹೋದೆ, ಅವರು ಕೊಟ್ಟ ಮಾತ್ರೆಯನ್ನೂ ನುಂಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸೂಜಿ ಹಿಡಿದರೆ ಎಲ್ಲ ದುಃಖವೂ ಮಾಯ ಎಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಯಾರಿಗಾದರೂ ಬದುಕೇ ಬೇಡವೆನ್ನಿಸುತ್ತಿದ್ದರೆ ಮೊದಲು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಲಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಹೊಲಿಗೆ ಆಮೇಲೆ.

ಹೊಲಿಗೆಗೆ ನನ್ನನ್ನು ಕೂರಿಸಿದವಳು ಅಕ್ಕ. ಕುಷ್ಟಗಿ ಕಡೆಯ ಹಳ್ಳಿಯವಳು. ನನಗೆ ಅಡುಗೆ ಮಾಡಿಹಾಕಲೆಂದು ಬಂದವಳು ಒಂದು ಮಧ್ಯಾಹ್ನ ಹೆಂಡತಿಯ ಟ್ರಂಕು ತೆಗೆದಳು. ಒಳಗೆ ಇಳಕಲ್ ಸೀರೆಗಳು, ಗುಳೇದಗುಡ್ಡದ ಖಣದ ಕುಪ್ಪಸಗಳು, ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಗಳು.

"ತಮ್ಮಾ, ಇವನ್ನು ಹೀಗೇ ಇಟ್ಟರೆ ಜಿರಲೆ ಹತ್ತುತ್ತವೆ. ಕೌದಿ ಹಚ್ಚೋಣ" ಎಂದಳು. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಹೊದಿಕೆಯೇ ಕೌದಿ.

"ಮಿಷನ್ ಮೇಲೆ ಎರಡು ದಿನದಲ್ಲಿ ಮುಗಿಸಿಬಿಡುತ್ತೇನೆ" ಎಂದೆ.

"ಮಿಷನ್ ಮೇಲೆ ಹೊಲಿದರೆ ಅದು ಮಂಚದ ಹೊದಿಕೆ. ಕೌದಿಯನ್ನು ಕೈಯಲ್ಲೇ ಹಚ್ಚಬೇಕು."

ಅಕ್ಕನ ಹಟವೆಂದುಕೊಂಡೆ, ಆದರೆ ಅವಳ ಮಾತಿನಲ್ಲಿ ಕಸುಬಿನ ಸತ್ಯವಿತ್ತು. ಹಳೆಯ ಬಟ್ಟೆಯ ಎಳೆಗಳಲ್ಲಿ ಕಸುವು ಉಳಿದಿರುವುದಿಲ್ಲ. ಯಂತ್ರದ ಹೊಲಿಗೆ ಒತ್ತೊತ್ತಾಗಿ, ಬಿಗಿಯಾಗಿ ಬೀಳುತ್ತದೆ. ಬಟ್ಟೆ ಎಳೆದಾಗ ಆ ತೂತುಗಳ ಸಾಲಿನಲ್ಲೇ ಹರಿಯುತ್ತದೆ. ಕೈಹೊಲಿಗೆ ಸಡಿಲ, ಬಟ್ಟೆಯೊಂದಿಗೆ ತಾನೂ ಸರಿದಾಡುತ್ತದೆ. ಹಿಂದೆ ಊರೂರು ತಿರುಗಿ ಕೌದಿ ಹೊಲಿದುಕೊಡುತ್ತಿದ್ದ ಹೆಂಗಸರು ಒಂದು ಸೂಜಿ, ಒಂದು ಉಂಡೆ ದಾರ ಬಿಟ್ಟರೆ ಬೇರೇನನ್ನೂ ತರುತ್ತಿರಲಿಲ್ಲ. ಬಟ್ಟೆಯೆಲ್ಲ ಮನೆಯವರದೇ.

ಕತ್ತರಿ ಹಾಕುವ ಮೊದಲು ಬೆಂಗಳೂರಿನಲ್ಲಿರುವ ಮಗಳನ್ನು ಕರೆಸಿದೆ. ಇದು ಯಾರೂ ತಪ್ಪಿಸಬಾರದ ಹೆಜ್ಜೆ. ಟ್ರಂಕಿನ ಮೇಲೆ ನನ್ನಷ್ಟೇ ಹಕ್ಕು ಅವಳಿಗೂ ಇದೆ. ಧಾರೆ ಸೀರೆಯನ್ನೂ ಇನ್ನೆರಡನ್ನೂ ಅವಳು ಇಟ್ಟುಕೊಂಡಳು. ಗಟ್ಟಿಯಿದ್ದವನ್ನು ಅಕ್ಕನ ಸೊಸೆಯಂದಿರು ಉಡಲು ಒಯ್ದರು. ಕತ್ತರಿಗೆ ಉಳಿದದ್ದು ಸೆರಗು ಸವೆದವು, ದಡಿ ಮಾತ್ರ ಗಟ್ಟಿ ಉಳಿದವು, ಅಡುಗೆಮನೆಯ ಅರಿಶಿನದ ಕಲೆ ಬಿದ್ದವು. ಹೆಚ್ಚು ಉಟ್ಟ ಸೀರೆಯೇ ಹೆಚ್ಚು ಹರಿದಿರುತ್ತದೆ, ಆದ್ದರಿಂದ ಅವಳಿಗೆ ಇಷ್ಟವಾದವೇ ನನ್ನ ಪಾಲಿಗೆ ಬಂದವು.

ತೊಳೆಯುವುದೇ ಕಷ್ಟವಾಯಿತು. ಕೆಲಸದ ದೃಷ್ಟಿಯಿಂದ ಅದು ಸುಲಭ: ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಬೇಕು, ಬಣ್ಣ ಬಿಟ್ಟರೆ ಅದನ್ನು ಬೇರೆ ನೆನೆಸಬೇಕು. ಸೆರಗಿನ ಕೆಂಪು ಬಿಡುವ ಸಂಭವ ಹೆಚ್ಚು. ಆದರೆ ತೊಳೆದರೆ ವಾಸನೆ ಹೋಗುತ್ತದೆ. ಕೊಬ್ಬರಿ ಎಣ್ಣೆ, ಒಲೆಯ ಹೊಗೆ, ಟ್ರಂಕಿನ ನುಸಿಗುಳಿಗೆ ಸೇರಿದ ಆ ವಾಸನೆಗಾಗಿ ಬಕೆಟ್ ತುಂಬಿಟ್ಟು ಬಹಳ ಹೊತ್ತು ಸುಮ್ಮನೆ ಕೂತೆ. ತೊಳೆಯದೆ ಹೊಲಿದರೆ ಬೆವರು ಹಿಡಿದ ಎಳೆ ಬೇಗ ಕೊಳೆಯುತ್ತದೆ ಎಂದು ನನಗೆ ಗೊತ್ತು. ಒಂದು ಖಣದ ಕುಪ್ಪಸವನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತಿಟ್ಟೆ, ಉಳಿದವನ್ನು ನೀರಿಗೆ ಹಾಕಿದೆ. ಎಲ್ಲವನ್ನೂ ತೊಳೆಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಕೌದಿಯ ಕ್ರಮ ಹೀಗೆ. ಅಡಿಗೆ ಒಂದು ಅಗಲವಾದ ಸೀರೆ, ನಡುವೆ ಹಳೆಯ ಧೋತರ ಮತ್ತು ಲುಂಗಿ, ಮೇಲೆ ತುಂಡುಗಳು. ನೆಲದ ಮೇಲೆ ಸುಕ್ಕಿಲ್ಲದಂತೆ ಹರವಿ ದೊಡ್ಡ ಟಾಕಿ ಹಾಕಿ ಹಿಡಿದಿಟ್ಟುಕೊಳ್ಳಬೇಕು. ಆಮೇಲೆ ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆಯೇ, ಒಂದೊಂದೂ ಜೋಳದ ಕಾಳಿನಷ್ಟು. ಯಂತ್ರಕ್ಕೆ ಒಗ್ಗಿದ ನನ್ನ ಕೈ ಅಳೆದಂತೆ ನೇರ ಸಾಲು ಹಾಕುತ್ತಿತ್ತು. ಅಕ್ಕನ ಸಾಲುಗಳು ಹೊಳೆಯ ದಂಡೆಯಂತೆ ಬಾಗುತ್ತಿದ್ದವು. ಅವಳದೇ ಚಂದ ಕಾಣುತ್ತಿತ್ತು. ನಾನೂ ಬಾಗಿಸಲು ನೋಡಿದೆ. ಬೇಕೆಂದೇ ಬಾಗಿಸಿದ್ದು ಗೊತ್ತಾಗಿಬಿಡುತ್ತಿತ್ತು. ಬಿಟ್ಟುಕೊಟ್ಟು ನನ್ನ ನೇರ ಸಾಲಿಗೇ ಮರಳಿದೆ. ಆ ಕೌದಿಯನ್ನು ಬಿಡಿಸಿ ನೋಡಿದರೆ ಅರ್ಧದಲ್ಲಿ ಅಕ್ಕ, ಅರ್ಧದಲ್ಲಿ ನಾನು. ಯಾರ ಭಾಗ ಯಾವುದೆಂದು ಮೊಮ್ಮಗನೂ ಹೇಳುತ್ತಾನೆ.

ಅಕ್ಕ ಊರಿಗೆ ಹೋಗುವಾಗ ಕೌದಿ ಅರ್ಧಕ್ಕೆ ನಿಂತಿತ್ತು. ನಾನೇ ಒಂದು ಕಟ್ಟಳೆ ಮಾಡಿಕೊಂಡೆ: ರಾತ್ರಿ ಊಟವಾದ ಮೇಲೆ ಒಂದು ಸೂಜಿಯ ದಾರ, ಅಷ್ಟೇ. ದಾರದ ಉದ್ದ ಬೆರಳ ತುದಿಯಿಂದ ಹೆಗಲವರೆಗೆ. ಅದಕ್ಕಿಂತ ಉದ್ದವಾದರೆ ಗಂಟು ಬೀಳುತ್ತದೆ. ದಾರ ಮುಗಿದರೆ ಎದ್ದುಬಿಡಬೇಕು, ಹುರುಪಿದ್ದರೂ. ಪೀಸಿನ ಲೆಕ್ಕದಲ್ಲಿ ಬದುಕಿದವನಿಗೆ ಹುರುಪೆಂದರೆ ಇನ್ನಷ್ಟು ಪೀಸು, ಇನ್ನಷ್ಟು ಬೇಗ. ಆ ಓಟವನ್ನು ಕಡಿವಾಣ ಹಾಕಿ ನಿಲ್ಲಿಸಬೇಕಿತ್ತು. ಹೊಲಿಯುವಾಗ ಹೆಂಡತಿಯ ನೆನಪು ಬರುತ್ತಿತ್ತೇ ಎಂದು ಕೇಳುತ್ತಾರೆ. ಬರುತ್ತಿತ್ತು, ಆದರೆ ಆಸ್ಪತ್ರೆಯ ಕೊನೆಯ ವಾರ ಅಲ್ಲ. ಈ ಹಸಿರು ಚೌಕಳಿಯನ್ನು ಉಟ್ಟು ಮಾಳಿಗೆಯ ಮೇಲೆ ಹಪ್ಪಳ ಹಾಕುತ್ತಿದ್ದಳು, ಈ ಗೋಮಿ ದಡಿಯ ಸೀರೆಗೆ ಕಂತಿನಲ್ಲಿ ಹಣ ಕಟ್ಟಿದ್ದಳು, ಅಂಥವು. ಅದಕ್ಕೂ ಮುಂಚೆ ಕಣ್ಣು ಮುಚ್ಚಿದರೆ ಕೊನೆಯ ವಾರವೊಂದೇ ಕಾಣುತ್ತಿತ್ತು. ಎರಡು ಗಂಟೆಯ ಎಚ್ಚರ ನಿಂತದ್ದು ಯಾವಾಗಿನಿಂದ ಎಂದು ನನಗೆ ನೆನಪಿಲ್ಲ. ಮಾತ್ರೆಯ ಪಾಲು ಎಷ್ಟು, ಸೂಜಿಯ ಪಾಲು ಎಷ್ಟು ಎಂದು ಬಿಡಿಸಲೂ ಆಗದು.

ಕೌದಿ ಮುಗಿದ ಮೇಲೆ ದಡಿಯ ಚೂರುಗಳು ಉಳಿದವು. ಬಿಸಾಡಲು ಮನಸ್ಸಾಗಲಿಲ್ಲ. ನನ್ನ ಬಿಳಿ ಅಂಗಿಯೊಂದರ ಕಾಲರ್ ಸವೆದಿತ್ತು. ಅದನ್ನು ಬಿಚ್ಚಿ ಒಳಬದಿಗೆ ಖಣದ ತುಂಡು ಕೊಟ್ಟು ಮರಳಿ ಹೊಲಿದೆ. ಹೊರಗಿನಿಂದ ಏನೂ ಕಾಣದು. ಅಂದು ಅದನ್ನು ತೊಟ್ಟು ರಾಯಲ್ ಸರ್ಕಲ್‌ವರೆಗೆ ನಡೆದುಹೋಗಿ ಬಂದೆ. ಯಾರೂ ನೋಡಲಿಲ್ಲ, ಆದರೂ ನಾನು ಏನನ್ನೋ ತೊಟ್ಟಿದ್ದೇನೆ ಎಂಬ ಅರಿವು ದಾರಿಯುದ್ದಕ್ಕೂ ಇತ್ತು. ಆಮೇಲೆ ತೋಳಪಟ್ಟಿಯ ಒಳಬದಿ, ಆಮೇಲೆ ಜೇಬಿನ ಒಳಬದಿ. ತೋಳು ಮಡಚಿದರೆ ಮಾತ್ರ ಕೆಂಪು ಇಣುಕುತ್ತದೆ.

ಜೀನ್ಸ್ ನನ್ನ ಮೈಗೆ ಬಂದದ್ದು ಅಲ್ಲಿಂದ. ಘಟಕಗಳಲ್ಲಿ ಕತ್ತರಿಸಿ ಉಳಿದ ಚಿಂದಿಗೆ ನಮ್ಮೂರಿನಲ್ಲಿ ಬರವಿಲ್ಲ. ಆದರೆ ಹೊಸ ಡೆನಿಮ್ ಇಳಕಲ್ ಪಕ್ಕದಲ್ಲಿ ಕೂರುವುದಿಲ್ಲ. ಪ್ಯಾಂಟಿನ ದಪ್ಪ ಡೆನಿಮ್ ಚದರ ಗಜಕ್ಕೆ ಹನ್ನೆರಡು, ಹದಿನಾಲ್ಕು ಔನ್ಸ್ ತೂಗುತ್ತದೆ. ಸೀರೆಯ ತೆಳ್ಳನೆಯ ಒಡಲನ್ನು ಅದು ಎಳೆದು ಜೋಲು ಮಾಡುತ್ತದೆ. ನೀಲಿಯನ್ನೂ ಬಿಡುತ್ತದೆ. ಡೆನಿಮ್‌ನಲ್ಲಿ ಉದ್ದದ ಎಳೆಗೆ ಮಾತ್ರ ನೀಲಿ ಬಣ್ಣ, ಅಡ್ಡ ಎಳೆ ಬಿಳಿ. ಆ ನೀಲಿಯೂ ಎಳೆಯ ಹೊರಮೈಗೆ ಅಂಟಿರುತ್ತದೆಯೇ ಹೊರತು ಒಳಗಿನವರೆಗೆ ಇಳಿದಿರುವುದಿಲ್ಲ. ಉಜ್ಜಿದಂತೆ ಹೊರಮೈ ಹೋಗಿ ಒಳಗಿನ ಬಿಳಿ ಕಾಣುತ್ತದೆ, ಮೊಣಕಾಲು ಮೊದಲು ಬೆಳ್ಳಗಾಗುವುದು ಇದರಿಂದಲೇ. ಆದ್ದರಿಂದ ಅಳಿಯ ತೊಟ್ಟು ಬಿಟ್ಟ ಹಳೆಯ ಜೀನ್ಸ್‌ಗಳನ್ನು ಬಿಚ್ಚಿದೆ. ಅವು ಬಿಡಬೇಕಾದ ಬಣ್ಣವನ್ನೆಲ್ಲ ಬಿಟ್ಟು ಸುಮ್ಮನಾಗಿದ್ದವು. ಡೆನಿಮ್ಮಿನ ಹಿಂಬದಿಯನ್ನೇ ಹೊರಕ್ಕೆ ಮಾಡಿದೆ. ಆ ಮಾಸಲು ನೀಲಿಗೆ ಇಳಕಲ್ ಸೆರಗಿನ ಕೆಂಪು ಒಪ್ಪುತ್ತದೆ.

ಇಳಕಲ್ ಸೀರೆ ಕತ್ತರಿಸುವವರು ಒಂದು ಮಾತು ನೆನಪಿಡಬೇಕು. ಅದರ ಒಡಲಿನ ಉದ್ದದ ಎಳೆ ಬೇರೆ, ಸೆರಗಿನ ಎಳೆ ಬೇರೆ. ಹತ್ತಿ ಒಡಲಿನ ಸೀರೆಗೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಇರುತ್ತದೆ. ನೇಕಾರರು ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡಿದ ಗೆರೆಯನ್ನು ಒಂದು ತುಂಡಿನ ನಡುವೆ ತರಬಾರದು. ತೊಳೆದಾಗ ಎರಡು ಬದಿಗಳೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ನಾನು ಆ ಗೆರೆಯನ್ನು ಅಂಚಿನ ಮಡಿಕೆಯೊಳಗೆ ಸೇರಿಸಿಬಿಡುತ್ತೇನೆ. ಹಳೆಯ ಜೀನ್ಸ್ ಬಿಚ್ಚುವಾಗ ಜೇಬಿನ ಮೂಲೆ ಹರಿಯದಂತೆ ಹೊಡೆದ ಲೋಹದ ರಿವೆಟ್ಟುಗಳನ್ನು ತೆಗೆದಿಟ್ಟುಕೊಳ್ಳಿ. 1873ರಲ್ಲಿ ಅಮೆರಿಕದಲ್ಲಿ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಅದಕ್ಕೆ ಪೇಟೆಂಟ್ ಪಡೆದ ಜೇಕಬ್ ಡೇವಿಸ್ ನಮ್ಮಂಥ ದರ್ಜಿಯೇ. ಬಟ್ಟೆ ಎಲ್ಲಿ ಹರಿಯುತ್ತದೆಂದು ಅಂಗಡಿಯಲ್ಲಿ ಕುಳಿತ ವ್ಯಾಪಾರಿಗಿಂತ ಸೂಜಿ ಹಿಡಿದವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸೀರೆಯ ತುಂಡು, ಹಳೆಯ ಜೀನ್ಸ್ ಕೂಡಿಸಿ ಮೊದಲ ಬಂಡಿ, ಅಂದರೆ ಅಂಗಿಯ ಮೇಲೆ ತೊಡುವ ತೋಳಿಲ್ಲದ ಕೋಟು, ಹೊಲಿದು ತೊಟ್ಟಾಗ ಓಣಿಯವರು ನಕ್ಕರು. "ಮಾಮಾ, ಹೆಂಡತಿಯ ಸೀರೆ ಉಟ್ಟುಕೊಂಡು ಹೊರಟಿರಾ?" ಎಂದ ಒಬ್ಬ ಹುಡುಗ. "ಹೌದಪ್ಪಾ" ಎಂದೆ. ಅವನಿಗೆ ಮುಂದಿನ ಮಾತು ಸಿಗಲಿಲ್ಲ. ಕೆಲವು ವಾರ ಕಳೆದ ಮೇಲೆ ಅದೇ ಹುಡುಗ ಮೊಣಕಾಲು ಹರಿದ ತನ್ನ ಜೀನ್ಸ್ ತಂದು, ತೂತು ಮುಚ್ಚಿ, ಆದರೆ ಮುಚ್ಚಿದ್ದು ಕಾಣಬೇಕು ಎಂದ.

ನಡುವೆ ಒಂದು ಆಸೆ ಹುಟ್ಟಿತ್ತು. ನಮ್ಮ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿ ಹೆಸರಾದದ್ದು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರಿನ ಹೆಣ್ಣುಮಕ್ಕಳ ಕೈಯ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅದನ್ನು ನೋಡಿ ನಾನೂ ಕನ್ನಡಿ ಚೂರು, ಕವಡೆ ತಂದು ಬಂಡಿಯ ಎದೆಗೆ ಹಚ್ಚಿದೆ. ಕೆಲಸದಲ್ಲಿ ಕುಂದಿರಲಿಲ್ಲ, ಆದರೂ ಬಿಚ್ಚಿಬಿಟ್ಟೆ. ಆ ಕನ್ನಡಿ ಅವರ ತಾಯಂದಿರು ಅವರಿಗೆ ಕಲಿಸಿದ್ದು. ನಮ್ಮ ಮನೆಯಲ್ಲಿ ಯಾರೂ ಕನ್ನಡಿ ತೊಟ್ಟವರಿಲ್ಲ. ಅಂದಿನಿಂದ ಮನೆಯಲ್ಲಿ ಯಾರೂ ತೊಡದ ಬಟ್ಟೆಯನ್ನು ಬಳಸುವುದಿಲ್ಲ, ಹೊಸದನ್ನು ಕೊಳ್ಳುವುದಿಲ್ಲ. ಬಣ್ಣ ಆರಿಸುವ ತಲೆನೋವು ಅಲ್ಲಿಗೆ ತಪ್ಪಿತು. ಕೆಂಪು, ಮಾಸಲು ನೀಲಿ, ಅಪ್ಪನ ಧೋತರದ ಬಿಳಿ, ಇವಿಷ್ಟೇ. ಬಳ್ಳಾರಿಯಲ್ಲಿ ನನ್ನ ಬಂಡಿಯನ್ನು ದೂರದಿಂದಲೇ ಗುರುತಿಸುತ್ತಾರಂತೆ.

ಈಗ ಕೆಲವರು ತಮ್ಮ ಮನೆಯ ಬಟ್ಟೆ ತರುತ್ತಾರೆ. ಒಬ್ಬ ತಾಯಿ ಮಗನ ಶಾಲೆಯ ಸಮವಸ್ತ್ರ ತಂದರು. ಅದನ್ನು ನಾನು ಹೊಲಿಯಲಿಲ್ಲ, ಅವರನ್ನೇ ಕೂರಿಸಿ ದಾರ ಪೋಣಿಸಿ ಕೊಟ್ಟೆ. ಅಂಗುಸ್ತಾನ ಹಾಕಿಕೊಳ್ಳುವುದನ್ನೂ ಗಂಟು ಮರೆಮಾಡುವುದನ್ನೂ ತೋರಿಸಿದೆ. ಉಳಿದದ್ದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾತು ಬೇಕಿದ್ದ ದಿನ ಅವರೇ ಆಡುತ್ತಾರೆ.

ಸದ್ಯ ಕೈಯಲ್ಲಿರುವುದು ಮಗಳ ಜೀನ್ಸ್. ಈ ಸಲ ಇಡೀ ಪ್ಯಾಂಟನ್ನು ನಾನೊಬ್ಬನೇ ಹೊಲಿಯುತ್ತಿದ್ದೇನೆ, ಸೊಂಟಪಟ್ಟಿಯಿಂದ ಹಿಡಿದು ಕಾಜಾದವರೆಗೆ. ಜೇಬಿಗೆ ತಾಯಿಯ ಹಸಿರು ಚೌಕಳಿ ಬೇಕೆಂದಿದ್ದಾಳೆ. ಒಳಗೇ ಇರಲಿ ಎಂಬುದು ನನ್ನ ವಾದ, ಹೊರಗೆ ಕಾಣಬೇಕೆಂಬುದು ಅವಳದು. ಫೋನಿನಲ್ಲಿ ಜಗಳವಾಡಿ ಸೋತಿದ್ದೇನೆ. ಇನ್ನೊಂದು ಷರತ್ತೂ ಇದೆ: ಮುಂಜೇಬಿನಲ್ಲಿ ಮೊಬೈಲ್ ಪೂರ್ತಿ ಮುಳುಗಬೇಕಂತೆ. ಹೆಂಗಸರ ಜೀನ್ಸಿಗೆ ಅಷ್ಟು ಆಳದ ಜೇಬನ್ನು ಹೊಲಿಯುತ್ತಿರುವುದು ಇದೇ ಮೊದಲು. ಹಳೆಯ ಅಚ್ಚು ಹೊಂದುವುದಿಲ್ಲ, ಹೊಸದನ್ನು ರಟ್ಟಿನ ಮೇಲೆ ಬರೆದುಕೊಳ್ಳುತ್ತಿದ್ದೇನೆ.