ಜೇಬಿಗೆ ಭಾರವಾಗದಂತೆ ಕೋಬೆ ನೋಡುವುದು ಹೇಗೆ?

ಜಪಾನ್ ಅಂದರೆ ದುಡ್ಡು ನೀರಿನಂತೆ ಹೋಗುವ ದೇಶ ಎಂಬ ಭಯ ನಮ್ಮಲ್ಲಿ ಇನ್ನೂ ಇದೆ. ಬಂದರು ನಗರ ಕೋಬೆಯಲ್ಲಿ ಹಾಗೆ ಭಯಪಡಬೇಕಿಲ್ಲ. ಉತ್ತರಕ್ಕೆ ರೊಕ್ಕೊ ಬೆಟ್ಟಸಾಲು, ದಕ್ಷಿಣಕ್ಕೆ ಸಮುದ್ರ, ನಡುವೆ ಉದ್ದಕ್ಕೆ ಚಾಚಿದ ಊರು. ಬೆಟ್ಟದ ಬುಡದ ಶಿನ್-ಕೋಬೆ ನಿಲ್ದಾಣದಿಂದ ಬಂದರಿನ ಮೆರಿಕೆನ್ ಪಾರ್ಕ್‌ಗೆ ಹೆಚ್ಚುಕಡಿಮೆ ಮೂರು ಕಿಲೋಮೀಟರ್ ಅಷ್ಟೆ. ನೋಡಬೇಕಾದ್ದು ಬಹುಪಾಲು ಇಷ್ಟರೊಳಗೇ ಸಿಗುತ್ತದೆ. ಅದರಲ್ಲೂ ತುಂಬಾ ಚೆನ್ನಾಗಿರುವ ಜಾಗಗಳಿಗೆ ಟಿಕೆಟ್ಟೇ ಇಲ್ಲ.

ಮೊದಲು ದಿನ ಆರಿಸಿ

ಬಜೆಟ್ ಉಳಿಯುವುದೂ ಮುಳುಗುವುದೂ ಇಲ್ಲೇ. ಚೆರ್ರಿ ಹೂ ಬಿಡುವ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ, ಏಪ್ರಿಲ್ 29ರಿಂದ ಮೇ 5ರವರೆಗಿನ ರಜೆ, ಆಗಸ್ಟ್ ನಡುವಿನ ಓಬೊನ್ ಹಬ್ಬ: ಈ ದಿನಗಳಲ್ಲಿ ಹೋಗಬೇಡಿ. ಶನಿವಾರ ರಾತ್ರಿ ಹೋಟೆಲ್ ದರ ಏರುತ್ತದೆ, ಭಾನುವಾರದಿಂದ ಗುರುವಾರದವರೆಗೆ ಇಳಿಯುತ್ತದೆ. ಊರ ನಡುವಿನ ಸನ್ನೊಮಿಯಾ ನಿಲ್ದಾಣದ ಸುತ್ತ ಸಣ್ಣ ಕೋಣೆಗಳ ಬಿಸಿನೆಸ್ ಹೋಟೆಲ್‌ಗಳು ಬೇಕಾದಷ್ಟಿವೆ. ಕೋಣೆ ಇಕ್ಕಟ್ಟು, ಆದರೆ ಚೊಕ್ಕಟ. ಅಲ್ಲೇ ಉಳಿಯಿರಿ. ಊರ ಹೊರಗೆ ಅಗ್ಗದ ಕೋಣೆ ಹಿಡಿದರೆ ಉಳಿದದ್ದೆಲ್ಲ ರೈಲಿಗೇ ಹೋಗುತ್ತದೆ.

ಒಸಾಕಾದಿಂದ ಕೋಬೆಗೆ

ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ಸಿಂಗಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಿಸಿ ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಅಲ್ಲಿಂದ ಸನ್ನೊಮಿಯಾಗೆ ನೇರ ಬಸ್ಸಿದೆ, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಒಸಾಕಾ ನಗರದಿಂದ ಬರುವುದಾದರೆ ಮೂರು ಕಂಪನಿಗಳ ರೈಲುಗಳಿವೆ. ಜೆಆರ್ ಬೇಗ ತಲುಪಿಸುತ್ತದೆ. ಹಂಕ್ಯು, ಹನ್ಶಿನ್ ರೈಲುಗಳಿಗೆ ಅರ್ಧ ಗಂಟೆ ಬೇಕು, ಟಿಕೆಟ್ ಅಗ್ಗ. ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ, ಅಲ್ವಾ? ಇಕೊಕಾ ಎಂಬ ಕಾರ್ಡಿಗೆ ಹಣ ತುಂಬಿಸಿಕೊಂಡರೆ ಮೂರರಲ್ಲೂ ನಡೆಯುತ್ತದೆ. ದೇಶವಿಡೀ ಓಡಾಡುವ ಜಪಾನ್ ರೈಲ್ ಪಾಸ್ ಮಾತ್ರ ಸುಮ್ನೆ ಕೊಳ್ಳಬೇಡಿ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಕೋಬೆ, ಒಸಾಕಾ, ಕ್ಯೋಟೊ ಅಷ್ಟೇ ನೋಡುವವರಿಗೆ ಅದು ಶುದ್ಧ ನಷ್ಟ.

ಬೆಟ್ಟದಿಂದ ಶುರು ಮಾಡಿ, ಕಡಲಿಗೆ ಇಳಿಯಿರಿ

ಬೆಳಿಗ್ಗೆ ಬೇಗ ಶಿನ್-ಕೋಬೆ ನಿಲ್ದಾಣದ ಹಿಂದಿನ ಹಾದಿ ಹಿಡಿಯಿರಿ. ಬುಲೆಟ್ ರೈಲು ನಿಲ್ಲುವ ಜಾಗದಿಂದ ಕಾಲು ಗಂಟೆ ನಡೆದರೆ 43 ಮೀಟರ್ ಎತ್ತರದ ನುನೊಬಿಕಿ ಜಲಪಾತ! ದುಡ್ಡು ಕೊಡಬೇಕಿಲ್ಲ. ಕಾಲಲ್ಲಿ ಕಸುವಿದ್ದರೆ ಇನ್ನೂ ಮೇಲೆ, 1900ರಲ್ಲಿ ಕಟ್ಟಿದ ಕಾಂಕ್ರೀಟ್ ಅಣೆಕಟ್ಟಿನವರೆಗೂ ಹೋಗಿ.

ಇಳಿದು ಬಂದರೆ ಕಿಟಾನೊ ಬಡಾವಣೆ. 1868ರಲ್ಲಿ ಬಂದರು ವಿದೇಶಿಯರಿಗೆ ತೆರೆದ ಮೇಲೆ ಬಂದ ಐರೋಪ್ಯ ವ್ಯಾಪಾರಿಗಳ ಮನೆಗಳು ಈ ಏರುದಾರಿಗಳಲ್ಲಿವೆ. ಒಳಗೆ ಹೋಗಲು ಹೆಚ್ಚಿನ ಮನೆಗಳಿಗೆ ಬೇರೆ ಬೇರೆ ಟಿಕೆಟ್ ಇರುತ್ತದೆ. ಒಂದನ್ನು ನೋಡಿ, ಉಳಿದವನ್ನು ಹೊರಗಿಂದಲೇ ನೋಡಿದರೆ ಸಾಕು. ನಮ್ಮವರ ಕಥೆಯೂ ಇಲ್ಲಿದೆ. 1923ರ ಭೂಕಂಪದಲ್ಲಿ ಯೊಕೊಹಾಮಾ ನೆಲಕಚ್ಚಿದಾಗ ಅಲ್ಲಿದ್ದ ಭಾರತೀಯ ವರ್ತಕರಲ್ಲಿ ಅನೇಕರು ಕೋಬೆಗೆ ಬಂದರು. 1935ರಲ್ಲಿ ಕಟ್ಟಿದ, ಜಪಾನಿನ ಮೊದಲ ಮಸೀದಿ ಇಲ್ಲಿದೆ. ಬಿಳಿ ಅಮೃತಶಿಲೆಯ ಜೈನ ಬಸದಿಯೂ ಇದೆ. ಹೀಗಾಗಿ ಸುತ್ತಮುತ್ತ ಭಾರತೀಯ ಹೋಟೆಲ್‌ಗಳಿಗೆ ಬರವಿಲ್ಲ.

ಅಲ್ಲಿಂದ ಇಕುತಾ ದೇಗುಲ, ಚೀನೀಯರ ಬೀದಿ ನಂಕಿನ್‌ಮಾಚಿ ದಾಟಿಕೊಂಡು ಬಂದರಿಗೆ ನಡೆಯಿರಿ. ದಾರಿ ತಪ್ಪುವ ಚಿಂತೆ ಬೇಡ, ಬೆಟ್ಟ ಬೆನ್ನಿಗಿದ್ದರೆ ಸಮುದ್ರ ಮುಂದಿದೆ.

ಮೆರಿಕೆನ್ ಪಾರ್ಕ್‌ನಲ್ಲಿ ಎಲ್ಲರೂ ಕೆಂಪು ಪೋರ್ಟ್ ಟವರ್‌ನ ಫೋಟೊ ತೆಗೆಯುತ್ತಾರೆ. ದಯವಿಟ್ಟು ಅದರ ಹತ್ತಿರವೇ ಇರುವ ಭೂಕಂಪ ಸ್ಮಾರಕವನ್ನು ತಪ್ಪಿಸಬೇಡಿ. 1995ರ ಜನವರಿ 17ರ ಬೆಳಗಿನ ಜಾವ 5.46ಕ್ಕೆ ನೆಲ ನಡುಗಿತು. 6,400ಕ್ಕೂ ಹೆಚ್ಚು ಜನ ಸತ್ತರು. ಅಂದು ಮುರಿದ ಬಂದರು ಕಟ್ಟೆಯ ಒಂದು ತುಂಡನ್ನು ರಿಪೇರಿ ಮಾಡದೆ ಹಾಗೇ ಬಿಟ್ಟಿದ್ದಾರೆ. ವಾಲಿದ ದೀಪದ ಕಂಬಗಳು, ಬಾಯಿಬಿಟ್ಟ ಕಾಂಕ್ರೀಟ್, ಒಳನುಗ್ಗಿದ ಸಮುದ್ರದ ನೀರು. ಈಗ ಹೊಳೆಯುವ ಊರೆಲ್ಲ ಇದರ ಮೇಲೆ ಎದ್ದದ್ದು ಎಂದು ಅಲ್ಲಿ ನಿಂತಾಗ ಅರ್ಥವಾಗುತ್ತದೆ. ಟಿಕೆಟ್ ಇಲ್ಲ. ನಾನಾದರೆ ಟವರ್ ಹತ್ತುವ ದುಡ್ಡನ್ನು ಉಳಿಸಿ, ಮರುದಿನ ನಾಡಾ ನಿಲ್ದಾಣದ ಬಳಿಯ ಭೂಕಂಪ ಮ್ಯೂಸಿಯಂಗೆ ಕೊಡುತ್ತೇನೆ. ಅದೇ ದಿಕ್ಕಿನಲ್ಲಿ ಹಕುತ್ಸುರು ಕಂಪನಿಯ, ಸಾಕೆ ಎಂಬ ಅಕ್ಕಿ ಮದ್ಯ ತಯಾರಿಕೆಯ ಮ್ಯೂಸಿಯಂ ಇದೆ, ಅದು ಉಚಿತ.

ರಾತ್ರಿಯ ದೀಪಗಳನ್ನು ನೋಡಲು ಕೇಬಲ್ ಕಾರ್ ಬೇಕೇ ಬೇಕು ಎಂದೇನಿಲ್ಲ. ಸುವಾಯಾಮಾ ಗುಡ್ಡದ ವೀನಸ್ ಸೇತುವೆಗೆ ನಡೆದು ಹತ್ತಿದರೂ ಊರು, ಬಂದರು ಎರಡೂ ಕಾಣುತ್ತವೆ.

ಊಟದ ಲೆಕ್ಕ

ಕೋಬೆ ಬೀಫ್ ತಿನ್ನುವ ಆಸೆ ಇದ್ದವರು ಮಧ್ಯಾಹ್ನವೇ ಹೋಗಿ. ಅದೇ ಅಂಗಡಿಯ ರಾತ್ರಿ ಊಟಕ್ಕಿಂತ ಮಧ್ಯಾಹ್ನದ ಸೆಟ್ ಊಟ ಸಾಮಾನ್ಯವಾಗಿ ತುಂಬಾ ಅಗ್ಗ. ಸಸ್ಯಾಹಾರಿಗಳು ಸ್ವಲ್ಪ ಎಚ್ಚರ ವಹಿಸಬೇಕು. ತರಕಾರಿ ನೂಡಲ್ಸ್ ಎಂದರೂ ಸಾರಿನಲ್ಲಿ ಮೀನಿನ ರಸ ಇರುತ್ತದೆ. ‘ಮಾಂಸ, ಮೀನು, ಮೀನಿನ ಸಾರು ಬೇಡ’ ಎಂದು ಜಪಾನಿ ಭಾಷೆಯಲ್ಲಿ ಬರೆಸಿದ ಚೀಟಿ ಜೊತೆಗಿರಲಿ. ಬ್ರೆಡ್‌ಗೆ ಕೋಬೆ ಹೆಸರುವಾಸಿ, ಬೇಕರಿಯಲ್ಲೇ ಬೆಳಗಿನ ತಿಂಡಿ ಮುಗಿಯುತ್ತದೆ. ರಾತ್ರಿ ಎಂಟರ ಮೇಲೆ ಸೂಪರ್ ಮಾರ್ಕೆಟ್‌ಗೆ ಹೋಗಿ, ಮಿಕ್ಕ ಊಟದ ಡಬ್ಬಿಗಳ ಮೇಲೆ ರಿಯಾಯಿತಿ ಚೀಟಿ ಅಂಟಿಸಿರುತ್ತಾರೆ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರೇ ಕುಡಿಯಬಹುದು.