ಊರಿನ ಬತ್ತೇರಿ ಉಳಿಸಬೇಕಾ? ಮೊದಲು ಕೈಯಲ್ಲಿರುವ ಕತ್ತಿ ಕೆಳಗಿಡಿ

ನಮ್ಮ ಕರಾವಳಿಯಲ್ಲಿ ಯಾವ ಅಳಿವೆ ಬಾಗಿಲಿಗೆ ಹೋದರೂ ಹತ್ತಿರದ ಗುಡ್ಡದ ಮೇಲೋ ದಡದಲ್ಲೋ ಕಪ್ಪುಗಟ್ಟಿದ ಹಳೇ ಗೋಡೆಯೊಂದು ಕಾಣುವುದು ಅಪರೂಪವೇನಲ್ಲ. ಕೇಳಿದರೆ "ಅದು ಟಿಪ್ಪು ಕೋಟೆ" ಅಂತಾರೆ. ನಮ್ಮಲ್ಲಿ ಹಳೇ ಗೋಡೆ ಎಲ್ಲ ಟಿಪ್ಪುದೇ ಬಿಡಿ! ಗೇರುಸೊಪ್ಪೆಯವರು, ಕೆಳದಿಯವರು, ಸೋಂದೆಯವರು, ಪೋರ್ಚುಗೀಸರು, ಎಲ್ಲರೂ ಇಲ್ಲಿ ಕಟ್ಟಿದ್ದಾರೆ. ಕಾರಣ ಒಂದೇ. ಸಮುದ್ರದಿಂದ ಬಂದ ಹಡಗು ಒಳನಾಡಿಗೆ ನುಗ್ಗಬೇಕಾದರೆ ಹೊಳೆಯಲ್ಲೇ ಬರಬೇಕು, ಹೊಳೆಗಿರುವುದು ಒಂದೇ ಬಾಗಿಲು, ಆ ಬಾಗಿಲಲ್ಲಿ ನಾಲ್ಕು ತೋಪು ಇಟ್ಟರೆ ಕೆಲಸ ಆಯಿತು.

ಟಿಪ್ಪು ನಿಜವಾಗಿ ಕಟ್ಟಿಸಿದ್ದು ಮಂಗಳೂರು ಬೋಳೂರಿನ ಸುಲ್ತಾನ್ ಬತ್ತೇರಿ. 1783ರ ಮೇ ತಿಂಗಳಿಂದ 1784ರ ಜನವರಿವರೆಗೆ ಅವನ ಸೈನ್ಯ ಇಂಗ್ಲಿಷರ ಕೈಲಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿತ್ತು. 1784ರ ಮಾರ್ಚ್ 11ಕ್ಕೆ ಒಪ್ಪಂದ ಆಯಿತು. ಗುರುಪುರ ಹೊಳೆಗೆ ಯುದ್ಧದ ಹಡಗು ನುಗ್ಗದ ಹಾಗೆ ಕಪ್ಪುಕಲ್ಲಿನಲ್ಲಿ ಈ ಬತ್ತೇರಿ ಎದ್ದದ್ದೂ ಅದೇ ವರ್ಷ. ತೋಪು ಇಡುವ ಕಟ್ಟೆಗೆ ಇಂಗ್ಲಿಷಿನಲ್ಲಿ 'ಬ್ಯಾಟರಿ' ಅಂತಾರೆ, ಅದೇ ನಮ್ಮ ಬಾಯಲ್ಲಿ ಬತ್ತೇರಿ ಆಯಿತು. ವಯನಾಡಿನ ಸುಲ್ತಾನ್ ಬತ್ತೇರಿ ಊರಿನ ಹೆಸರೂ ಹಾಗೇ ಬಂದದ್ದು.

ಸುಲ್ತಾನ್ ಬತ್ತೇರಿ, ಮಿರ್ಜಾನ್ ಕೋಟೆಗಳಿಗೆ ಜನ ಹೋಗುತ್ತಾರೆ, ಫೋಟೋ ತೆಗೆಯುತ್ತಾರೆ. ಅವನ್ನು ಯಾರಾದರೂ ಮುಟ್ಟಿದರೆ ಗೊತ್ತಾದರೂ ಆಗುತ್ತದೆ. ನಾನು ಹೇಳುತ್ತಿರುವುದು ಬೋರ್ಡೂ ಇಲ್ಲದ ಸಣ್ಣ ಬುರುಜು, ಕಾವಲು ಗೋಡೆ, ಸಿಡಿಮದ್ದು ಇಡುತ್ತಿದ್ದ ಮದ್ದಿನ ಮನೆಗಳ ವಿಷಯ. ನಿಮ್ಮೂರಲ್ಲಿ ಅಂಥದ್ದೊಂದು ಇದ್ದರೆ ಮುಂದೆ ಓದಿ.

ಮೊದಲು ನಾವು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಆರು ಜನ ಹುಮ್ಮಸ್ಸಿನಲ್ಲಿ ಕತ್ತಿ, ಹಾರೆ, ಪಿಕ್ಕಾಸು ಹಿಡಿದು ಒಂದು ಭಾನುವಾರ 'ಕೋಟೆ ಸ್ವಚ್ಛತೆ'ಗೆ ಹೋದೆವು. ಗೋಡೆಯ ಸಂದಿನಲ್ಲಿ ಒಂದು ಗೋಳಿ (ಆಲದ) ಸಸಿ. ಹೊರಗೆ ಹೆಬ್ಬೆರಳು ದಪ್ಪ, ಅಷ್ಟೇ. ಇಬ್ಬರು ಹಿಡಿದು ಎಳೆದೆವು. ಒಳಗೆ ಬೇರು ಮುಂಗೈ ದಪ್ಪ ಬೆಳೆದು ಕಲ್ಲುಗಳನ್ನು ತಬ್ಬಿಕೊಂಡಿತ್ತು. ಅದು ಬರುವಾಗ ಮೂರು ವರಸೆ ಕಲ್ಲನ್ನೂ ಜೊತೆಗೆ ತಂದಿತು. ಯಾರ ಕಾಲ ಮೇಲೂ ಬೀಳಲಿಲ್ಲ, ಪುಣ್ಯ. ಕೆಳಗೆ ಬಲೆ ಹೊಲಿಯುತ್ತಿದ್ದ ಅಜ್ಜ ತಲೆ ಎತ್ತಿ ನೋಡಿ, "ಇಷ್ಟು ವರ್ಷದ ಮಳೆಗೆ ಆಗದ್ದನ್ನು ನೀವು ಹತ್ತು ನಿಮಿಷದಲ್ಲಿ ಮಾಡಿದ್ರಲ್ಲ ಮಾರಾಯ್ರೆ" ಅಂದರು.

ಹಾಗಾಗಿ ಮೊದಲ ಕೆಲಸ ಗೋಡೆಯ ಹತ್ತಿರ ಅಲ್ಲವೇ ಅಲ್ಲ, ಕಾಗದದಲ್ಲಿ. ಆ ಜಾಗ ಯಾರದ್ದು? ಫೋನಿನಲ್ಲಿ ಸರ್ಕಾರದ 'ದಿಶಾಂಕ್' ಆ್ಯಪ್ ಹಾಕಿಕೊಂಡು ಗೋಡೆಯ ಪಕ್ಕ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಗಡಿಯ ಹತ್ತಿರ ಸ್ವಲ್ಪ ಆಚೀಚೆ ಆಗುತ್ತದೆ, ಅದಕ್ಕೇ ಗ್ರಾಮ ನಕ್ಷೆ ಜೊತೆ ತಾಳೆ ನೋಡಿ. ಆಮೇಲೆ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲ ಅಥವಾ ಬೇರೆ ಹಕ್ಕು ಏನಿದೆ, ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು ತೋರಿಸಿದ್ದಾರೆ, ಇಷ್ಟು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಸರ್ಕಾರಿ ಜಾಗವಾದರೆ ದಾರಿ ಸಲೀಸು. ಅರಣ್ಯವಾದರೆ ಒಳಗೆ ಹೋಗುವುದಕ್ಕೇ ಆ ಇಲಾಖೆಯನ್ನು ಕೇಳಬೇಕು. ಖಾಸಗಿಯಾದರೆ ಆ ಮನೆಯವರ ಹತ್ತಿರ ಕೂತು ಮಾತಾಡದೆ ಒಂದು ಹೆಜ್ಜೆಯೂ ಮುಂದೆ ಇಡಬೇಡಿ. ನಮ್ಮ ಮೊದಲ ಅರ್ಜಿಯನ್ನು ಒಂದು ಕಚೇರಿಯಲ್ಲಿ ಓದದೇ ವಾಪಸ್ ಕೊಟ್ಟರು, ಸರ್ವೆ ನಂಬರ್ ಇಲ್ಲ ಅಂತ. ಬೈದುಕೊಂಡು ಬಂದೆವು. ಆದರೆ ಅವರು ಹೇಳಿದ್ದು ಸರಿಯೇ ಇತ್ತು.

ಅದು ಈಗಾಗಲೇ ಸಂರಕ್ಷಿತ ಸ್ಮಾರಕವಾ ಅಂತಲೂ ನೋಡಿ. ಎರಡು ಪಟ್ಟಿ ಇವೆ. ಕೇಂದ್ರದ ಪುರಾತತ್ವ ಇಲಾಖೆಯದ್ದು 1958ರ ಕಾಯ್ದೆ, ನಮ್ಮ ರಾಜ್ಯದ್ದು 1961ರ ಕಾಯ್ದೆ. ಯಾವ ಪಟ್ಟಿಯಲ್ಲಿದ್ದರೂ ಇಲಾಖೆಯ ಅನುಮತಿ ಇಲ್ಲದೆ ನೀವು ಒಂದು ಕಲ್ಲು ಎತ್ತಿಡುವ ಹಾಗಿಲ್ಲ, ಎಷ್ಟೇ ಒಳ್ಳೆ ಮನಸ್ಸಿದ್ದರೂ.

ಎರಡರಲ್ಲೂ ಇಲ್ಲ ಅಂದರೆ ಅರ್ಜಿ ಹಾಕಬೇಕು. ಅದಕ್ಕೆ ಮುಂಚೆ ಇದು ಸುಮ್ನೆ ಯಾರದ್ದೋ ಹಳೇ ಕಾಂಪೌಂಡ್ ಅಲ್ಲ, ಯುದ್ಧಕ್ಕೆಂದೇ ಕಟ್ಟಿದ್ದು ಅಂತ ತೋರಿಸಬೇಕು. ಕಿಂಡಿಗಳನ್ನು ನೋಡಿ. ಕೋವಿ ಕಿಂಡಿ ಸಾಮಾನ್ಯವಾಗಿ ಒಳಗಡೆ ಅಗಲ, ಹೊರಗಡೆ ಸಪೂರ. ಒಳಗೆ ನಿಂತವನು ಕೋವಿಯನ್ನು ಆಚೀಚೆ ತಿರುಗಿಸಬಹುದು, ಹೊರಗಿನಿಂದ ಗುಂಡು ಒಳಗೆ ಬರುವುದು ಕಷ್ಟ. ಕೈ ಒಳಗೆ ಹಾಕಿ ನೋಡಿ, ತಳದ ಕಲ್ಲು ಹೊರಗಡೆಗೆ ಇಳಿಜಾರಾಗಿದ್ದರೆ ಕೆಳಗಿನ ದೋಣಿಗೆ ಗುರಿ ಇಡಲು ಮಾಡಿದ್ದು ಇರಬಹುದು. ಹೊರಗೆ ಕಣ್ಣಿಟ್ಟರೆ ಏನು ಕಾಣುತ್ತದೆ? ಹೊಳೆಯ ಬಾಯಿ ಕಂಡರೆ ಅದನ್ನು ಬರೆದುಕೊಳ್ಳಿ, ಅದೇ ದೊಡ್ಡ ಸಾಕ್ಷಿ. ಗೋಡೆಯ ದಪ್ಪ ಅಳೆಯಿರಿ. ಕಿಟಕಿ ಇಲ್ಲದ, ದಪ್ಪ ಗೋಡೆಯ, ನೆಲದೊಳಗೆ ಹೂತಂತಿರುವ ಸಣ್ಣ ಕೋಣೆ ಇದ್ದರೆ ಮದ್ದಿನ ಮನೆ ಆಗಿರಬಹುದು. ಅಲ್ಲಿ ಬಾವಲಿ ಇರುತ್ತವೆ, ಹೊಗೆ ಹಾಕಿ ಓಡಿಸಬೇಡಿ. ಹಾವೂ ಇರುತ್ತದೆ, ಅದನ್ನು ನಾನು ಹೇಳಬೇಕಾಗಿಲ್ಲ.

ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದಡಿ ಸ್ಕೇಲ್ ಇಡಿ, ತಾರೀಕು ಬರೆದಿಡಿ. ನಿಂತ ಜಾಗಕ್ಕೆ ಒಂದು ಗುರುತು ಮಾಡಿಕೊಂಡು, ಮಳೆಗಾಲಕ್ಕೆ ಮುಂಚೆ ಒಂದು, ಮುಗಿದ ಮೇಲೆ ಒಂದು, ಅಲ್ಲಿಂದಲೇ ತೆಗೆಯಿರಿ. ಸೂರ್ಯಾಸ್ತದ ಫೋಟೋ ಬೇಡ, ಅದು ಯಾವ ಅಧಿಕಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಅರ್ಜಿ ಒಂದು ಪುಟ ಸಾಕು. ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಯ ಆಯುಕ್ತರಿಗೆ ಕಳಿಸಿ, ಜಿಲ್ಲಾಧಿಕಾರಿಗೆ ಒಂದು ಪ್ರತಿ. ಪಹಣಿ, ನಕ್ಷೆ, ಫೋಟೋ ಲಗತ್ತಿಸಿ. ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ ಅದನ್ನೂ ಇಟ್ಟರೆ ತೂಕವೇ ಬೇರೆ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಎರಡು ತಿಂಗಳಾದರೂ ಸದ್ದಿಲ್ಲ ಅಂದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 'ಯಾಕೆ ಮಾಡಿಲ್ಲ' ಅಂತ ಕೇಳಿದರೆ ಉತ್ತರ ಬರುವುದಿಲ್ಲ. 'ಇಂಥ ತಾರೀಕಿನ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ' ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು, ಆ ನೆಪದಲ್ಲಿ ಕಡತ ಎಲ್ಲಿದೆ ಅಂತ ಅವರೇ ಹುಡುಕುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೇಂದ್ರದ ಪಟ್ಟಿಗೆ ಸೇರಿದರೆ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ಪಕ್ಕದ ಮನೆಯವರು ಮಗನಿಗೊಂದು ಕೋಣೆ ಎತ್ತಬೇಕು ಅಂತಿರುತ್ತಾರೆ. ಅವರಿಗೆ ಇದು ಪೇಪರಿನಲ್ಲಿ ಓದಿ ಗೊತ್ತಾದರೆ ಕೋಟೆಗೆ ಮೊದಲ ಶತ್ರುಗಳು ಅವರೇ. ಮುಚ್ಚಿಡಬೇಡಿ, ಮೊದಲೇ ಹೋಗಿ ಹೇಳಿ. ಎಷ್ಟೋ ಕಡೆ ರಾಜ್ಯದ ಪಟ್ಟಿಗೆ ಪ್ರಯತ್ನಿಸುವುದೇ ವಾಸಿ ಅಂತ ನನಗನ್ನಿಸುತ್ತದೆ.

ಈಗ ಗೋಡೆಗೆ ಬನ್ನಿ, ಜಾಗದವರ ಒಪ್ಪಿಗೆ ಸಿಕ್ಕಿದ ಮೇಲೆ. ನಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ತೋಪು ಬೀಳಿಸದ ಗೋಡೆಯನ್ನು ಬೀಳಿಸುವುದು ಒಳಗೆ ನಿಂತ ನೀರು. ಗೋಡೆಯ ತಲೆಯ ಮೇಲೆ, ಹಿಂದಿನ ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಭಾರ ತಾಳದೆ ಗೋಡೆ ಬಸುರಿಯ ಹೊಟ್ಟೆ ಹಾಗೆ ಮುಂದೆ ಬರುತ್ತದೆ. ಹಾಗೆ ಉಬ್ಬಿದ ಗೋಡೆಯ ಕೆಳಗೆ ನಿಲ್ಲಲೇಬೇಡಿ. ಹಳಬರು ನೀರು ಹೋಗಲು ತೂತು ಬಿಟ್ಟಿರುತ್ತಾರೆ. ಎಲೆ, ಮಣ್ಣು, ಇತ್ತೀಚೆಗೆ ಬಾಟಲಿ ಸಿಕ್ಕಿ ಅವು ಕಟ್ಟಿರುತ್ತವೆ. ಮೇ ತಿಂಗಳಲ್ಲಿ ಅವನ್ನು ಕೋಲಿನಿಂದ ಬಿಡಿಸಿಕೊಡಿ. ಇದೊಂದೇ ಮಾಡಿದರೂ ನೀವು ದೊಡ್ಡ ಕೆಲಸ ಮಾಡಿದ ಹಾಗೆ.

ಬೆರಳುದ್ದದ ಸಸಿ ಕೈಯಲ್ಲಿ ಕೀಳಬಹುದು. ಅದಕ್ಕಿಂತ ದೊಡ್ಡದಾದ ಗೋಳಿ, ಅರಳಿ ಕೀಳಬೇಡಿ, ಸುಡಬೇಡಿ. ಗೋಡೆಗೆ ಸಮವಾಗಿ ಕೊಯ್ದು ಬಿಡಿ, ಚಿಗುರಿದಾಗಲೆಲ್ಲ ಮತ್ತೆ ಕೊಯ್ಯಿರಿ. ಬೇರು ಸಾಯಿಸುವುದು ಇಲಾಖೆಯ ಪರಿಣತರ ಕೆಲಸ.

ಸಿಮೆಂಟ್ ಮಾತ್ರ ಬೇಡವೇ ಬೇಡ. ಊರಿನ ದಾನಿಯೊಬ್ಬರು ಹತ್ತು ಮೂಟೆ ಕೊಡುತ್ತೇನೆ ಅಂತ ಬಂದೇ ಬರುತ್ತಾರೆ, ಕೈಮುಗಿದು ಬೇಡ ಅನ್ನಿ. ಮುರಕಲ್ಲು (ಜಂಬಿಟ್ಟಿಗೆ) ನೀರು ಕುಡಿಯುವ ಕಲ್ಲು, ಕುಡಿದದ್ದನ್ನು ಆರಿಸಿಕೊಳ್ಳಬೇಕು. ಸುಣ್ಣದ ಗಾರೆ ಅದಕ್ಕೆ ದಾರಿ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ನೀರು, ಅದರೊಳಗಿನ ಉಪ್ಪು ಎಲ್ಲ ಕಲ್ಲಿನಲ್ಲೇ ಉಳಿದು, ಕೆಲವು ವರ್ಷದಲ್ಲಿ ಸಿಮೆಂಟಿನ ಪಟ್ಟಿ ಗಟ್ಟಿಯಾಗಿ ನಿಂತಿರುತ್ತದೆ, ನಡುವಿನ ಕಲ್ಲು ಪುಡಿಯಾಗಿ ಉದುರಿರುತ್ತದೆ. ಬೆರಳು ಹಾಕಿದರೆ ಅವಲಕ್ಕಿ ಹಾಗೆ ಬರುತ್ತದೆ.

ಒಂದು ದಿನ ಜೆಸಿಬಿ ಬಂದೇ ಬಿಟ್ಟರೆ? ಅದರ ಮುಂದೆ ಹೋಗಿ ಮಲಗಬೇಡಿ. ವಿಡಿಯೋ ಮಾಡಿ, ಗಾಡಿ ನಂಬರ್ ಕಾಣಲಿ. 112ಕ್ಕೆ ಫೋನ್ ಮಾಡಿ. ತಹಶೀಲ್ದಾರರಿಗೆ ಸರ್ವೆ ನಂಬರ್ ಹೇಳಿ, ಅದು ಬಾಯಲ್ಲಿದ್ದರೆ ಮಾತಿಗೆ ಬೆಲೆ. ಜಾಗ ಕರಾವಳಿ ನಿಯಂತ್ರಣ ವಲಯದೊಳಗಿದ್ದರೆ ಇನ್ನೊಂದು ಅಸ್ತ್ರ ಇದೆ. 2019ರ ಅಧಿಸೂಚನೆಯಲ್ಲಿ ಪುರಾತತ್ವ ಮಹತ್ವದ ಜಾಗ, ಕಟ್ಟಡಗಳನ್ನು ಅತಿ ಸೂಕ್ಷ್ಮವಾದ 1ಎ ವರ್ಗದಲ್ಲಿ ಹೆಸರಿಸಿದ್ದಾರೆ. ದೂರಿನಲ್ಲಿ ಆ ಸಾಲು ಸೇರಿಸಿ. ಎಲ್ಲ ಸಲ ಗೆಲ್ಲುತ್ತೇವೆ ಅಂತಲ್ಲ. ಕಾರವಾರದ ಸದಾಶಿವಗಡದಂಥ ಗುಡ್ಡವನ್ನೇ ಸೀಳಿಕೊಂಡು ಹೆದ್ದಾರಿ ಹೋಗಿದೆ.

ಜೆಸಿಬಿಗಿಂತ ಸದ್ದಿಲ್ಲದೆ ಬರುವವರು ನಿಧಿಗಳ್ಳರು. ಅಮಾವಾಸ್ಯೆ ಮರುದಿನ ಒಂದು ಸುತ್ತು ಹಾಕಿ. ಹೊಸ ಗುಂಡಿ, ನಿಂಬೆಹಣ್ಣು, ಕುಂಕುಮ ಕಂಡರೆ ಮುಟ್ಟದೆ ಫೋಟೋ ತೆಗೆದು ಪೊಲೀಸರಿಗೆ ಕೊಡಿ. ನೀವೂ ಅಗೆಯಬೇಡಿ. ಮಿರ್ಜಾನಿನಲ್ಲಿ ಇಲಾಖೆಯವರು ಅಗೆದಾಗ ಪೋರ್ಚುಗೀಸರ ನಾಣ್ಯ, ಚೀನಾದ ಪಿಂಗಾಣಿ ಸಿಕ್ಕವು. ಯಾವ ಪದರದಲ್ಲಿ ಸಿಕ್ಕಿತು ಅಂತ ದಾಖಲಾದರೆ ಆ ಚೂರು ಮಾತಾಡುತ್ತದೆ, ಜೇಬಿಗೆ ಹಾಕಿಕೊಂಡರೆ ಅದು ಬರೀ ಚೂರು.

ಬಿದ್ದ ಕಲ್ಲುಗಳ ಮೇಲೂ ಕಣ್ಣಿರಲಿ. ಕೆತ್ತಿದ ಕಲ್ಲು ಸುಮ್ನೆ ಬಿದ್ದಿದ್ದರೆ ಬಾವಿಕಟ್ಟೆಗೋ ದನದ ಕೊಟ್ಟಿಗೆಗೋ ಹೋಗಿಬಿಡುತ್ತದೆ. ನಾವು ಬೀಳಿಸಿದ್ದು 41 ಕಲ್ಲು. ಎಲ್ಲವಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಬರೆದು, ಬಿದ್ದ ಜಾಗದ ಚಿತ್ರ ಮಾಡಿ, ಗೋಡೆಯ ಬುಡದಿಂದ ಸ್ವಲ್ಪ ದೂರ ಜೋಡಿಸಿಟ್ಟಿದ್ದೇವೆ. ಅನುಮತಿ ಇನ್ನೂ ಬಂದಿಲ್ಲ. ಮಳೆಗೆ ನಂಬರ್ ಅಳಿಸುತ್ತದೆ, ಹಾಗಾಗಿ ಪ್ರತಿ ಅಕ್ಟೋಬರಿನಲ್ಲಿ ಹೋಗಿ ಚಿತ್ರ ನೋಡಿಕೊಂಡು ಮತ್ತೆ ಬರೆದು ಬರುತ್ತೇವೆ.